ಕೃಷಿ ಮೇಳಗಳ ಆರ್ಥಿಕ ಹಾಗೂ ಸಾಮಾಜಿಕ ಪ್ರಯೋಜನ: ಅಳೆಯುವ ಬಗೆ

ಪ್ರತಿವರ್ಷ ಸೆಪ್ಟೆಂಬರ್ ತಿಂಗಳಿನಿಂದ ಮೊದಲ್ಗೊಂಡು ಶಿವರಾತ್ರಿಯವರೆಗೆ ರಾಜ್ಯದ ಒಂದಲ್ಲ ಒಂದು ಊರಿನಲ್ಲಿ ಬೇಸಾಯಕ್ಕೆ ಸಂಬಂಧಿಸಿದ ಮೇಳವೋ ಜಾತ್ರೆಯೋ ಪರಿಷೆಯೋ ನಡೆಯುತ್ತಲೇ ಇರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದ ಮೇಳ ನವೆಂಬರ್‌ನಲ್ಲಿ, ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕಡೆಯ ಸೋಮವಾರದಂದು, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಚಳಿಗಾಲದ ನಡುವೆ, ತುಮಕೂರಿನ ಸಿದ್ಧಗಂಗೆಯ ಜಾತ್ರೆ ಹಾಗೂ ಅದರೊಡನೆ ಏರ್ಪಡುವ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ಶಿವರಾತ್ರಿಯ ಸುಮಾರಿಗೆ ಜರುಗುತ್ತವೆ. ಯಂತ್ರೋಪಕರಣ ತಯಾರಕರು, ಬೀಜ ಹಾಗೂ ಗೊಬ್ಬರದ ವ್ಯಾಪಾರಿಗಳು, ಹನಿ ನೀರಾವರಿ ಸಾಮಗ್ರಿಯ ಮಾರಾಟಗಾರರು ಬಾಡಿಗೆ ತೆತ್ತು ಮಳಿಗೆ ಹಿಡಿಯುತ್ತಾರೆ. ಮೇಳ ಮುಗಿದ ಮರುದಿನ ಇಷ್ಟು ಲಕ್ಷ ಜನ ಬಂದರು, ಇಷ್ಟು ಕೋಟಿ ರೂಪಾಯಿ ವಹಿವಾಟು ನಡೆಯಿತು ಎಂಬ ಪ್ರಕಟಣೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಎರಡು ಅಂಕಿಗಳ ಆಧಾರದ ಮೇಲೆಯೇ ಮುಂದಿನ ವರ್ಷದ ಅನುದಾನ, ಪ್ರಾಯೋಜಕತ್ವ ಹಾಗೂ ಮಳಿಗೆಯ ಬಾಡಿಗೆ ನಿರ್ಧಾರವಾಗುವುದರಿಂದ ಅವುಗಳ ನಿಖರತೆ ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ಅಂಕಿ ಉಬ್ಬಿದ್ದರೆ ಸಣ್ಣ ತಯಾರಕನು ಇಲ್ಲದ ಗಿರಾಕಿಗೆ ಬಾಡಿಗೆ ಕಟ್ಟಿದಂತಾಗುತ್ತದೆ. ನಿಜವಾದ ಪ್ರಯೋಜನ ಲೆಕ್ಕಕ್ಕೆ ಸಿಗದೆ ಹೋದರೆ, ಚೆನ್ನಾಗಿ ನಡೆಯುತ್ತಿರುವ ಮೇಳಕ್ಕೂ ಖರ್ಚು ಕಡಿತದ ಕತ್ತರಿ ಬೀಳುತ್ತದೆ.

ತಲೆ ಎಣಿಕೆ

ಪ್ರವೇಶ ಶುಲ್ಕವಿಲ್ಲದ ಮೇಳದಲ್ಲಿ ಟಿಕೆಟ್ಟಿನ ಲೆಕ್ಕ ದೊರೆಯುವುದಿಲ್ಲ. ಆದುದರಿಂದ ಬಹುತೇಕ ಅಂಕಿಗಳು ಅಂದಾಜಿನವು. ಇದಕ್ಕಿರುವ ಸರಳ ಉಪಾಯವೆಂದರೆ ಪ್ರತಿ ದ್ವಾರದಲ್ಲಿ ಗಂಟೆಗೆ ಹತ್ತು ನಿಮಿಷ ಮಾತ್ರ ಒಳಬರುವವರನ್ನು ಎಣಿಸಿ ಆರರಿಂದ ಗುಣಿಸುವುದು. ಆದರೆ ಹೀಗೆ ಬರುವುದು ಭೇಟಿಗಳ ಸಂಖ್ಯೆಯೇ ಹೊರತು ಭೇಟಿ ಕೊಟ್ಟವರ ಸಂಖ್ಯೆಯಲ್ಲ. ಊಟಕ್ಕೆ ಹೊರಹೋಗಿ ಮರಳಿ ಬಂದವನು, ಎರಡನೆಯ ದಿನ ಹೆಂಡತಿ ಮಕ್ಕಳೊಡನೆ ಪುನಃ ಬಂದವನು ಎರಡು ಸಲ ಲೆಕ್ಕಕ್ಕೆ ಬರುತ್ತಾನೆ. ಹೊರಹೋಗುವ ಕೆಲವು ನೂರು ಜನರನ್ನು ‘ಎಷ್ಟನೆಯ ಸಲ ಒಳಬಂದಿರಿ’ ಎಂದು ಕೇಳಿ ಸರಾಸರಿ ತೆಗೆದರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ. ಒಂದು ಲಕ್ಷ ಭೇಟಿಗಳಿದ್ದು ಸರಾಸರಿ 1.6 ಇದ್ದಲ್ಲಿ ಬಂದವರು 62,500 ಮಂದಿ ಮಾತ್ರ. ಬಸ್ಸುಗಳಲ್ಲಿ ಕರೆತಂದ ಶಾಲಾಮಕ್ಕಳನ್ನು ಬೇರೆಯಾಗಿಯೇ ಎಣಿಸಬೇಕು. ಅವರ ಬರವು ಮುಖ್ಯವಾದುದೇ ಆದರೂ ಅವರಾರೂ ಕಳೆ ಕೀಳುವ ಯಂತ್ರ ಕೊಳ್ಳುವವರಲ್ಲ.

ವಹಿವಾಟು ಬೇರೆ, ಪ್ರಯೋಜನ ಬೇರೆ

ಎರಡನೆಯ ಅಂಕಿ ಇನ್ನೂ ತೊಡಕಿನದು. ದನಗಳ ಜಾತ್ರೆಯೊಂದರಲ್ಲಿ ಹಳ್ಳಿಕಾರ್ ಎತ್ತಿನ ಜೋಡಿ 1,60,000 ರೂ.ಗೆ ಮಾರಾಟವಾಯಿತೆಂದು ಭಾವಿಸೋಣ. ವಹಿವಾಟಿನ ಪಟ್ಟಿಯಲ್ಲಿ ಅಷ್ಟೂ ಮೊತ್ತ ಸೇರುತ್ತದೆ. ವಾಸ್ತವದಲ್ಲಿ ಆ ಹಣ ಒಬ್ಬ ರೈತನ ಕಿಸೆಯಿಂದ ಇನ್ನೊಬ್ಬ ರೈತನ ಕಿಸೆಗೆ ಹೋಯಿತು, ಎತ್ತುಗಳು ಒಂದು ಕೊಟ್ಟಿಗೆಯಿಂದ ಇನ್ನೊಂದು ಕೊಟ್ಟಿಗೆಗೆ ಹೋದವು. ಮಾರುವವನು 1,40,000 ರೂ.ಗಿಂತ ಕಡಮೆಗೆ ಕೊಡಲೊಲ್ಲ, ಕೊಳ್ಳುವವನು 1,80,000 ರೂ.ವರೆಗೂ ಕೊಡಲು ಸಿದ್ಧನಿದ್ದ ಎಂದಿಟ್ಟುಕೊಂಡರೆ ಈ ವ್ಯಾಪಾರದಿಂದ ಹುಟ್ಟಿದ ಪ್ರಯೋಜನ 40,000 ರೂ. ಮಾತ್ರ. ಕುದುರಿದ ಬೆಲೆ ಆ ಪ್ರಯೋಜನವನ್ನು ಇಬ್ಬರ ನಡುವೆ ಹಂಚುತ್ತದೆ, ಅಷ್ಟೆ. ಜಾತ್ರೆ ಇಲ್ಲದಿದ್ದಲ್ಲಿ ಅದೇ ಜೋಡಿ ಊರಿನ ಸಂತೆಯಲ್ಲಿ, ಅದನ್ನು 1,50,000 ರೂ.ಗೆ ಮಾತ್ರ ಬೆಲೆಗಟ್ಟುವ ಬೇರೊಬ್ಬನ ಪಾಲಾಗುತ್ತಿತ್ತು ಎಂದಾದರೆ ಜಾತ್ರೆಯೇ ತಂದುಕೊಟ್ಟ ಹೆಚ್ಚಳ 30,000 ರೂ.ಗೆ ಇಳಿಯುತ್ತದೆ. ಲಾರಿ ಬಾಡಿಗೆ, ಮೇವು, ಚಪ್ಪರದ ಖರ್ಚು, ಕಳೆದ ದಿನಗಳ ದುಡಿಮೆ ಇವನ್ನೂ ಅದರಿಂದ ಕಳೆಯಬೇಕು.

ಈ ಲೆಕ್ಕ ಜಾತ್ರೆಯನ್ನು ಹೀಗಳೆಯುವುದಕ್ಕಲ್ಲ. ಜಾತ್ರೆಯ ಹಿರಿಮೆ ಇರುವುದು ತಕ್ಕ ಎತ್ತಿಗೆ ತಕ್ಕ ರೈತನನ್ನು ಜೊತೆಗೂಡಿಸುವುದರಲ್ಲಿ. ಆ ಹಿರಿಮೆ ವಹಿವಾಟಿನ ಮೊತ್ತದಲ್ಲಿ ಕಾಣಿಸುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ಜಾನುವಾರು ಜಾತ್ರೆ ಹಾಗೂ ಸಂತೆಗಳಿಗೆ ನಿರ್ಬಂಧ ಬಿದ್ದಿತು. ಜಾತ್ರೆಯಿಲ್ಲದ ವರ್ಷ ಹೇಗಿರುತ್ತದೆಂದು ನೋಡಲು ಅದು ತಕ್ಕ ಅವಕಾಶವೆಂದು ತೋರಬಹುದು. ಆದರೆ ರೋಗವೇ ದನಗಳ ಬೆಲೆಯನ್ನು ಕದಲಿಸುವುದರಿಂದ ಆ ವರ್ಷದ ಬೆಲೆಗಳನ್ನು ಜಾತ್ರೆಯ ಗೈರುಹಾಜರಿಯೊಂದಕ್ಕೇ ಕಟ್ಟಲಾಗದು.

ಗಡಿ ಎಲ್ಲಿ ಎಳೆಯಬೇಕು?

ಪ್ರಯೋಜನ ಯಾರಿಗೆ ಎಂಬ ಪ್ರಶ್ನೆಗೆ ಮೊದಲೇ ಉತ್ತರಿಸಿಕೊಳ್ಳದೆ ಯಾವ ಲೆಕ್ಕವೂ ನಿಲ್ಲದು. ಬಸವನಗುಡಿಯ ಪರಿಷೆಯಲ್ಲಿ ಬೆಂಗಳೂರಿನ ಗೃಹಸ್ಥನೊಬ್ಬ 200 ರೂ.ಗೆ ಕಡಲೆಕಾಯಿ ಕೊಂಡರೆ ನಗರದ ದೃಷ್ಟಿಯಿಂದ ಹೊಸ ಹಣವೇನೂ ಬರಲಿಲ್ಲ. ಪರಿಷೆ ಇಲ್ಲದಿದ್ದರೆ ಆತ ಅದೇ ಹಣವನ್ನು ಗಾಂಧಿ ಬಜಾರಿನಲ್ಲಿ ದೋಸೆಗೋ ಹೂವಿಗೋ ಖರ್ಚು ಮಾಡುತ್ತಿದ್ದ. ತಾನು ಬೆಳೆದುದನ್ನು ತಾನೇ ಹೊತ್ತು ತಂದ ಹಳ್ಳಿಯ ರೈತನ ದೃಷ್ಟಿಯಿಂದ ನೋಡಿದರೆ ಅಷ್ಟೂ ಹಣ ಊರಿಗೆ ಹರಿದುಬಂದ ಹೊಸ ವರಮಾನ. ಮಾರಿದವನು ಸಗಟು ಮಾರುಕಟ್ಟೆಯಿಂದ ಚೀಲ ಎತ್ತಿ ತಂದ ವ್ಯಾಪಾರಿಯಾದರೆ ಹಳ್ಳಿಗೆ ಸಂದದ್ದು ಸಗಟು ಬೆಲೆ ಮಾತ್ರ. ಒಂದೇ ವ್ಯಾಪಾರಕ್ಕೆ ಮೂರು ಉತ್ತರಗಳು, ಮೂರೂ ಸರಿ.

ಅಮೆರಿಕದ ವಿದ್ವಾಂಸ ಜಾನ್ ಕ್ರಾಂಪ್ಟನ್ 1995ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇಂತಹ ಅಧ್ಯಯನಗಳಲ್ಲಿ ನುಸುಳುವ ಹನ್ನೊಂದು ಬಗೆಯ ತಪ್ಪುಗಳನ್ನು ಗುರುತಿಸಿದರು. ಅವರು ಬರೆದದ್ದು ಕ್ರೀಡಾಂಗಣ ಹಾಗೂ ಕ್ರೀಡಾಕೂಟಗಳನ್ನು ಕುರಿತು. ಆದರೂ ಅದರ ತಿರುಳು ಮೇಳಗಳಿಗೂ ಹೊಂದುತ್ತದೆ. ಸ್ಥಳೀಯರ ಖರ್ಚನ್ನು ಬಿಡಬೇಕು. ಹೇಗೂ ಆ ಊರಿಗೆ ಬರಲಿದ್ದು, ಮೇಳದ ಸಲುವಾಗಿ ದಿನಾಂಕ ಮಾತ್ರ ಬದಲಿಸಿಕೊಂಡವರ ಖರ್ಚನ್ನೂ ಬಿಡಬೇಕು. ಬೇರೆ ಕೆಲಸಕ್ಕೆ ಬಂದವರು ಸಮಯವಿದೆಯೆಂದು ಮೇಳಕ್ಕೆ ಹೊಕ್ಕಿದ್ದರೆ ಅವರನ್ನೂ ಬಿಡಬೇಕು. ಬೆಂಗಳೂರಿಗೆ ಆಸ್ಪತ್ರೆಯ ಕೆಲಸಕ್ಕೆಂದೋ ಮಗನ ಮನೆಗೆಂದೋ ಬಂದು, ಒಂದು ಹೊತ್ತು ಮೇಳ ನೋಡಿ ಹೋಗುವ ರೈತರು ಕಡಮೆಯೇನಿಲ್ಲ.

ಇನ್ನು ‘ಗುಣಕ’ದ ಮಾತು. ಮೇಳದಲ್ಲಿ ಖರ್ಚಾದ ಪ್ರತಿ ರೂಪಾಯಿ ಎರಡಾಗಿ ಮೂರಾಗಿ ಸುತ್ತುತ್ತದೆಂದು ಭಾಷಣಗಳಲ್ಲಿ ಕೇಳಿಬರುವುದುಂಟು. ರಿಚರ್ಡ್ ಕಾಹ್ನ್ 1931ರಲ್ಲಿ ಮಂಡಿಸಿ, ಕೇನ್ಸ್ ಅನಂತರ ಪ್ರಸಿದ್ಧಿಗೆ ತಂದ ಈ ಕಲ್ಪನೆ ಇಡೀ ದೇಶದ ನಿರುದ್ಯೋಗವನ್ನು ಕುರಿತದ್ದು. ಸಣ್ಣ ಊರಿನಲ್ಲಿ ಹಣ ಬೇಗ ಸೋರಿಹೋಗುತ್ತದೆ. ಹೊರಗಿನವನೊಬ್ಬ ತಾಲ್ಲೂಕು ಕೇಂದ್ರದ ಹೋಟೆಲಿನಲ್ಲಿ 100 ರೂ. ಖರ್ಚು ಮಾಡಿದನೆನ್ನಿ. ಎಣ್ಣೆ, ಬೇಳೆ, ಗ್ಯಾಸ್ ಹೊರಗಿನಿಂದ ಬಂದವು. ಕೂಲಿ, ತರಕಾರಿ, ಬಾಡಿಗೆ ಇತ್ಯಾದಿಯಾಗಿ ಊರವರ ವರಮಾನವಾದದ್ದು 40 ರೂ. ಅವರು ಅದನ್ನು ಖರ್ಚು ಮಾಡಿದಾಗ ಅದೇ ಪ್ರಮಾಣದಲ್ಲಿ 16 ರೂ., ಮುಂದೆ 6 ರೂ. 40 ಪೈಸೆ, ಹೀಗೆ ಇಳಿಯುತ್ತ ಹೋಗಿ ಒಟ್ಟು ಸ್ಥಳೀಯ ವರಮಾನ ಸುಮಾರು 67 ರೂ.ಗೆ ನಿಲ್ಲುತ್ತದೆ. ಖರ್ಚಾದದ್ದಕ್ಕಿಂತ ಅದು ಕಡಮೆ! ಗುಣಕ ಎರಡೆಂದು ಯಾರಾದರೂ ಹೇಳಿದರೆ, ಯಾವ ಪ್ರದೇಶಕ್ಕೆ, ಮಾರಾಟಕ್ಕೋ ವರಮಾನಕ್ಕೋ ಎಂದು ಕೇಳುವುದು ವ್ಯಾಪಾರಸ್ಥರ ಹಕ್ಕು.

ಮಳಿಗೆದಾರನ ಲೆಕ್ಕ

ಸಣ್ಣ ತಯಾರಕರಿಗೆ ಅತ್ಯಂತ ಹತ್ತಿರದ ಪ್ರಶ್ನೆ ಮಳಿಗೆ ಹಿಡಿದದ್ದು ಗಿಟ್ಟಿತೇ ಎಂಬುದು. ಮೇವು ಕತ್ತರಿಸುವ ಯಂತ್ರ ತಯಾರಿಸುವ ಒಂದು ಕಿರು ಘಟಕವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿದವು. ಮಳಿಗೆ ಬಾಡಿಗೆ 25,000 ರೂ., ಯಂತ್ರಗಳ ಸಾಗಣೆ 15,000, ಊಟ ವಸತಿ 20,000, ಕರಪತ್ರ 5,000, ನಾಲ್ಕು ದಿನಗಳ ಸಂಬಳ 16,000. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಯಜಮಾನನೂ ಇಬ್ಬರು ನುರಿತ ಕೆಲಸಗಾರರೂ ಕಾರ್ಖಾನೆಯಲ್ಲಿ ಇಲ್ಲದ್ದರಿಂದ ಕುಂದಿದ ಉತ್ಪಾದನೆಯ 10,000 ರೂ.ಗಳನ್ನು ಬರೆಯುವವರು ವಿರಳ. ಒಟ್ಟು 91,000 ರೂ.

ಯಂತ್ರದ ಎಂದಿನ ಬೆಲೆ 29,000 ರೂ., ಅದರಲ್ಲಿ ಲಾಭಾಂಶ 7,000. ಮೇಳದಲ್ಲಿ 1,000 ರೂ. ರಿಯಾಯಿತಿ ಕೊಟ್ಟು 12 ಯಂತ್ರಗಳನ್ನು ಮಾರಲಾಯಿತು. ಸಂಘಟಕರ ಪಟ್ಟಿಯಲ್ಲಿ ಇದು 3,36,000 ರೂ.ಗಳ ವಹಿವಾಟು. ತಯಾರಕನ ಕೈಗೆ ಬಂದ ಲಾಭಾಂಶ 72,000. ಖರ್ಚು ಕಳೆದರೆ 19,000 ರೂ. ನಷ್ಟ. ಬಹಳಷ್ಟು ಜನ ಇಲ್ಲಿಗೇ ಪುಸ್ತಕ ಮಡಿಸಿ, ಮೇಳದ ಸಹವಾಸ ಸಾಕೆಂದು ಮುಂದಿನ ವರ್ಷ ಬರುವುದನ್ನೇ ನಿಲ್ಲಿಸುತ್ತಾರೆ.

ಆದರೆ ಮಳಿಗೆಯಲ್ಲಿ ಒಂದು ವಹಿ ಇಟ್ಟು, ವಿಚಾರಿಸಿದ 340 ಮಂದಿಯ ಹೆಸರು, ಊರು, ದೂರವಾಣಿ ಸಂಖ್ಯೆ, ಇರುವ ದನಗಳ ಸಂಖ್ಯೆಯನ್ನು ಬರೆದುಕೊಂಡಿದ್ದರೆ ಲೆಕ್ಕ ಮುಂದುವರಿಯುತ್ತದೆ. ಕೊಂಡ ಹನ್ನೆರಡು ಮಂದಿಯನ್ನು ಕೇಳಿದಾಗ ನಾಲ್ವರು ತಾವು ಹೇಗೂ ಕಾರ್ಖಾನೆಗೇ ಬಂದು ಕೊಳ್ಳುವವರಿದ್ದೆವೆಂದರು. ಅವರಿಗೆ ಕೊಟ್ಟ ರಿಯಾಯಿತಿ 4,000 ರೂ. ಶುದ್ಧ ನಷ್ಟ. ಉಳಿದ ಎಂಟರ ಲಾಭಾಂಶ 48,000. ಆರು ತಿಂಗಳೊಳಗೆ ವಹಿಯಲ್ಲಿದ್ದವರ ಪೈಕಿ 27 ಮಂದಿ ಕಾರ್ಖಾನೆಯಿಂದ ಎಂದಿನ ಬೆಲೆಗೆ ಯಂತ್ರ ಕೊಂಡರು. ಅವರಲ್ಲಿ 15 ಮಂದಿ ಮೇಳದಲ್ಲಿ ನೋಡದಿದ್ದರೆ ಈ ಯಂತ್ರದ ವಿಷಯವೇ ತಿಳಿಯುತ್ತಿರಲಿಲ್ಲವೆಂದರು. ಅದರಿಂದ 1,05,000 ರೂ. ಈಗ ಮೇಳದಿಂದಾದ ಲಾಭಾಂಶ 1,49,000, ಖರ್ಚು 91,000, ಉಳಿತಾಯ 58,000 ರೂ. ನಷ್ಟವೆಂದು ಕಂಡದ್ದು ಲಾಭವಾಯಿತು. ಆದರೂ ಅದು 3,36,000ದ ಹತ್ತಿರಕ್ಕೂ ಬರಲಿಲ್ಲ.

ಆ 15 ಮಂದಿ ಮೇಳಕ್ಕೆ ಬರದಿದ್ದರೆ ಪಕ್ಕದ ಜಿಲ್ಲೆಯ ಬೇರೊಬ್ಬ ತಯಾರಕನ ಯಂತ್ರವನ್ನೇ ಕೊಳ್ಳುತ್ತಿದ್ದರೆಂದಾದರೆ ಈ ಘಟಕದ ಗಳಿಕೆ ರಾಜ್ಯದ ದೃಷ್ಟಿಯಿಂದ ಗಳಿಕೆಯಲ್ಲ, ಸ್ಥಾನಪಲ್ಲಟ. ಸಹಾಯಧನದಲ್ಲಿ ಮಾರಾಟವಾದ ಯಂತ್ರಗಳಿಗೂ ಇದೇ ಎಚ್ಚರ ಸಲ್ಲುತ್ತದೆ. ಸಹಾಯಧನವೆಂಬುದು ಖಜಾನೆಯಿಂದ ರೈತನಿಗೆ ಹಣದ ವರ್ಗಾವಣೆ, ಮೇಳದ ಉತ್ಪನ್ನವಲ್ಲ. ಹಿಂದಿನ ವರ್ಷದೊಡನೆ ಹೋಲಿಸುವವರು ಇನ್ನೊಂದು ಅಂಶವನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಹಾಗೂ ಅನೇಕ ಕೃಷಿ ಯಂತ್ರಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಆ ಬಳಿಕ ನಡೆದ ಮೇಳಗಳಲ್ಲಿ ಮಾರಾಟ ಏರಿದ್ದರೆ ಅದರಲ್ಲಿ ತೆರಿಗೆ ಇಳಿಕೆಯ ಪಾಲೆಷ್ಟು, ಮೇಳದ ಪಾಲೆಷ್ಟು ಎಂಬುದನ್ನು ಗಿರಾಕಿಯನ್ನು ಕೇಳಿಯೇ ತಿಳಿಯಬೇಕು.

ಐದು ಕಿಲೋ ರಾಗಿ

ಮೇಳದ ಅತಿ ದೊಡ್ಡ ಪ್ರಯೋಜನ ಪ್ರಾಯಶಃ ಅತಿ ಚಿಕ್ಕ ವ್ಯಾಪಾರದಲ್ಲಿ ಅಡಗಿರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಜಿ.ಪಿ.ಯು.-28ರಂತಹ ರಾಗಿ ತಳಿಯ ಐದು ಕಿಲೋ ಬೀಜವನ್ನು ಒಬ್ಬ ರೈತ ಕೊಂಡನೆನ್ನಿ. ವಹಿವಾಟಿನ ಪಟ್ಟಿಯಲ್ಲಿ ಅದು ಕೆಲವು ನೂರು ರೂಪಾಯಿ. ಕೂರಿಗೆಯಲ್ಲಿ ಬಿತ್ತಿದರೆ ಅಷ್ಟು ಬೀಜ ಸುಮಾರು ಒಂದು ಎಕರೆಗೆ ಸಾಕು. ಹತ್ತು ಕ್ವಿಂಟಾಲ್ ಬೆಳೆ ಬಂದರೆ, ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದುದರಿಂದ ಅದೇ ಕಾಳು ಮುಂದಿನ ವರ್ಷ ಬೀಜವಾಗಬಲ್ಲದು. ಲೆಕ್ಕಕ್ಕೆ ಹೇಳುವುದಾದರೆ ಇನ್ನೂರು ಎಕರೆಗೆ ಆಗುವಷ್ಟು! ಅಷ್ಟೂ ಬಿತ್ತನೆಗೆ ಹೋಗುವುದಿಲ್ಲ, ಬಹುಪಾಲು ಮುದ್ದೆಯಾಗುತ್ತದೆ. ಆದರೆ ನೆಂಟನೊಬ್ಬ ನಾಲ್ಕು ಸೇರು, ಪಕ್ಕದ ಹೊಲದವನು ನಾಲ್ಕು ಸೇರು ಒಯ್ದರೆ ತಳಿ ಊರಿಡೀ ಹಬ್ಬುತ್ತದೆ. ಈ ಎರಡನೆಯ, ಮೂರನೆಯ ಕೈಯ ರೈತರು ಮೇಳಕ್ಕೆ ಕಾಲಿಟ್ಟವರೇ ಅಲ್ಲ. ಮಿಶ್ರತಳಿ ಮೆಕ್ಕೆಜೋಳದಲ್ಲಿ ಹೀಗಾಗದು, ಬೀಜವನ್ನು ವರ್ಷ ವರ್ಷವೂ ಕೊಳ್ಳಬೇಕಾಗುತ್ತದೆ. ಅಲ್ಲಿ ಪ್ರಯೋಜನದ ಒಂದು ಪಾಲು ಮಾರಾಟದ ಲೆಕ್ಕದಲ್ಲೇ ಸಿಗುತ್ತದೆ.

ಜ್ವಿ ಗ್ರಿಲಿಕೆಸ್ ಎಂಬ ಅರ್ಥಶಾಸ್ತ್ರಜ್ಞರು 1957ರಲ್ಲಿ ಅಮೆರಿಕದ ರಾಜ್ಯಗಳಲ್ಲಿ ಮಿಶ್ರತಳಿ ಮೆಕ್ಕೆಜೋಳ ಹಬ್ಬಿದ ವೇಗವನ್ನು ಅಭ್ಯಸಿಸಿ, ಲಾಭ ಹೆಚ್ಚಿದ್ದೆಡೆ ಅದು ಬೇಗ ಹಬ್ಬಿತೆಂದು ತೋರಿಸಿದರು. ಮರುವರ್ಷ ಅದರ ಸಂಶೋಧನೆಗೆ ತೊಡಗಿಸಿದ ಹಣದ ಸಾಮಾಜಿಕ ಪ್ರತಿಫಲ ವರ್ಷಕ್ಕೆ ಶೇ. 700ರಷ್ಟಿತ್ತೆಂದು ಲೆಕ್ಕ ಹಾಕಿದರು. ಗೆದ್ದ ತಳಿಯೊಂದನ್ನೇ ಆಯ್ದುಕೊಂಡ ಲೆಕ್ಕವದು. ಸೋತ ಪ್ರಯೋಗಗಳ ಖರ್ಚು ಅದರಲ್ಲಿ ಬರುವುದಿಲ್ಲ. ಮೇಳದ ಯಶೋಗಾಥೆಗಳನ್ನು ಓದುವಾಗಲೂ ಇದು ನೆನಪಿರಬೇಕು.

ಬೀಜದ ವಿಷಯದಲ್ಲಿ ಮೇಳದ ತಿಂಗಳು ಮುಖ್ಯವಾಗುತ್ತದೆ. ಧಾರವಾಡದ ಮೇಳ ಹಿಂಗಾರಿ ಬಿತ್ತನೆಗೆ ಮುನ್ನ ನಡೆಯುವುದರಿಂದ ಅಲ್ಲಿ ಕೊಂಡ ಜೋಳ, ಕಡಲೆಯ ಬೀಜ ಕೆಲವೇ ವಾರಗಳಲ್ಲಿ ನೆಲ ಸೇರುತ್ತದೆ. ಬೆಂಗಳೂರಿನ ನವೆಂಬರ್ ಮೇಳದಲ್ಲಿ ರೈತ ನೋಡುವುದು ತಾಕುಗಳಲ್ಲಿ ಕಟಾವಿಗೆ ಬರುತ್ತಿರುವ ಬೆಳೆಯನ್ನು. ನೋಡಿ ಮೆಚ್ಚಿದ್ದನ್ನು ಬಿತ್ತುವುದು ಮುಂದಿನ ಮುಂಗಾರಿನಲ್ಲಿ. ಆದಕಾರಣ ಮೇಳದ ದ್ವಾರದಲ್ಲಿ ‘ನಿಮಗೆ ಉಪಯೋಗವಾಯಿತೇ’ ಎಂದು ಕೇಳಿ ‘ಹೌದು’ ಎಂಬ ಉತ್ತರ ಗುರುತು ಹಾಕಿಕೊಳ್ಳುವ ಸಮೀಕ್ಷೆಗಳಿಗೆ ಬೆಲೆ ಕಡಮೆ. ಆಗತಾನೇ ಬೆಲ್ಲ ತಿಂದವನನ್ನು ಹೊಟ್ಟೆ ತುಂಬಿತೇ ಎಂದು ಕೇಳಿದಂತೆ.

ಯಾರೊಡನೆ ಹೋಲಿಸುವುದು?

ಮೇಳಕ್ಕೆ ಬಂದವರ ಇಳುವರಿ ಬಾರದವರ ಇಳುವರಿಗಿಂತ ಹೆಚ್ಚಿದೆಯೆಂದು ತೋರಿಸುವುದು ಸುಲಭ. ಆದರೆ ನೂರು ಮೈಲಿ ಬಸ್ಸಿನಲ್ಲಿ ಕುಳಿತು ಬರುವ ರೈತ ಮೊದಲಿನಿಂದಲೂ ಕುತೂಹಲಿ, ಕೈಯಲ್ಲಿ ನಾಲ್ಕು ಕಾಸುಳ್ಳವನು, ನೀರಾವರಿ ಉಳ್ಳವನು ಆಗಿರುವ ಸಂಭವ ಹೆಚ್ಚು. ಆತನ ಇಳುವರಿ ಮೇಳವಿಲ್ಲದೆಯೂ ಹೆಚ್ಚೇ ಇರುತ್ತಿತ್ತು. ನೂತನ ವಿಧಾನಗಳ ಪ್ರಸಾರವನ್ನು ಕುರಿತು 1962ರಲ್ಲಿ ಪ್ರಸಿದ್ಧ ಗ್ರಂಥ ಬರೆದ ಎವೆರೆಟ್ ರೋಜರ್ಸ್ ಮೊದಲು ಸ್ವೀಕರಿಸುವವರನ್ನು ಬೇರೆಯೇ ವರ್ಗವಾಗಿ ವಿಂಗಡಿಸಿದ್ದು ಇದೇ ಕಾರಣಕ್ಕೆ.

ಇದಕ್ಕೆ ಪರಿಹಾರ ದುಬಾರಿಯದೇನಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಿಂದ ಮೇಳಕ್ಕೆ ಬಸ್ಸು ಹೊರಡುವಾಗ ಆಸನಗಳಿಗಿಂತ ಹೆಸರು ಕೊಟ್ಟವರು ಹೆಚ್ಚಿದ್ದಲ್ಲಿ ಚೀಟಿ ಎತ್ತಿ ಆರಿಸಬಹುದು. ಚೀಟಿ ಬಂದವರೂ ಬಾರದವರೂ ಆಸಕ್ತಿಯಲ್ಲಿ, ಅನುಕೂಲದಲ್ಲಿ ಸರಾಸರಿ ಒಂದೇ ಬಗೆಯವರು. ವರ್ಷದ ಬಳಿಕ ಇಬ್ಬರ ಹೊಲಗಳನ್ನೂ ನೋಡಿದರೆ ಕಂಡುಬರುವ ವ್ಯತ್ಯಾಸ ಮೇಳದ್ದೆಂದು ಬಹುಮಟ್ಟಿಗೆ ನೆಚ್ಚಬಹುದು. ಹೆಸರು ಕೊಟ್ಟವರ ಪಟ್ಟಿಯನ್ನು ಬಸ್ಸು ಹೊರಟ ಮೇಲೆ ಎಸೆಯದಿರುವುದೊಂದೇ ಇದಕ್ಕೆ ಬೇಕಾದ ಹೆಚ್ಚಿನ ಶ್ರಮ.

ಹಣದಲ್ಲಿ ಕಾಣದ್ದು

ಮೇಳ ನೋಡುವ ಸಂತೋಷಕ್ಕೆ, ತಿಳಿವಿಗೆ ಬೆಲೆ ಕಟ್ಟಲು ಅರ್ಥಶಾಸ್ತ್ರದಲ್ಲಿ ಪ್ರಯಾಣವೆಚ್ಚ ಪದ್ಧತಿ ಎಂಬುದುಂಟು. 1947ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗಾಗಿ ಇದನ್ನು ಸೂಚಿಸಿದರು. ದೂರದಿಂದ ಬಂದವನು ಟಿಕೆಟ್ಟಿಗೂ ಊಟಕ್ಕೂ ಕಳೆದುಕೊಂಡ ಕೂಲಿಗೂ ತೆತ್ತದ್ದೆಷ್ಟೋ ಕನಿಷ್ಠ ಅಷ್ಟು ಬೆಲೆ ಆ ಸ್ಥಳಕ್ಕೆ ಅವನ ಮನಸ್ಸಿನಲ್ಲಿದೆ ಎಂಬುದು ತರ್ಕ. ಕರ್ನಾಟಕದಲ್ಲಿ ಇದನ್ನು ಬಳಸುವಾಗ ಒಂದು ತಿದ್ದುಪಡಿ ಅಗತ್ಯ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಟಿಕೆಟ್ ದರವನ್ನಷ್ಟೇ ನೋಡಿದರೆ ರೈತ ಮಹಿಳೆಯರಿಗೆ ಮೇಳದ ಬೆಲೆ ಸೊನ್ನೆಯೆಂಬ ಅಸಂಬದ್ಧ ಉತ್ತರ ಬರುತ್ತದೆ. ಅವರ ಒಂದು ದಿನದ ದುಡಿಮೆಯನ್ನು, ಮನೆಯಲ್ಲಿ ಹಾಲು ಕರೆಯಲು ಬದಲಿ ವ್ಯವಸ್ಥೆ ಮಾಡಿದ್ದನ್ನು ಲೆಕ್ಕಕ್ಕೆ ತರಬೇಕು.

ಸ್ತ್ರೀಶಕ್ತಿ ಗುಂಪಿನವರು ಮೊದಲ ಸಲ ಊರಾಚೆ ರೊಟ್ಟಿ, ಚಟ್ನಿಪುಡಿ ಮಾರಿ ಗಿರಾಕಿಯೊಡನೆ ಚೌಕಾಸಿ ಕಲಿಯುವುದು, ತಾಲ್ಲೂಕು ಮಟ್ಟದ ಪ್ರಶಸ್ತಿ ಪಡೆದ ರೈತನ ತೋಟಕ್ಕೆ ಅನಂತರ ನೆರೆಯವರು ಬಂದು ಹೋಗುವುದು, ಜಾತ್ರೆಯಲ್ಲಿ ಎತ್ತಿನ ಜೊತೆ ಸಂಬಂಧವೂ ಕುದುರುವುದು ಇವಕ್ಕೆ ರೂಪಾಯಿಯ ಅಂಕಿ ಹಚ್ಚಲು ಹೊರಡುವುದು ವ್ಯರ್ಥ ಸಾಹಸ. ಎಷ್ಟು ಗುಂಪುಗಳು ಬಂದವು, ಮರುವರ್ಷ ಎಷ್ಟು ಮರಳಿದವು, ಮಳಿಗೆಯ ಪರಿಚಯದಿಂದ ಅಂಗಡಿಗಳಿಗೆ ಕಾಯಂ ಸರಬರಾಜು ಆರಂಭಿಸಿದವರೆಷ್ಟು ಎಂದು ಎಣಿಕೆಯಲ್ಲೇ ಕೊಟ್ಟರೆ ಸಾಕು. ಅದನ್ನು ಕೋಟಿಯ ಲೆಕ್ಕಕ್ಕೆ ಕೂಡಿಸಿದರೆ ಎರಡೂ ಕೆಡುತ್ತವೆ.

ಖರ್ಚಿನ ಕಡೆಯೂ ಇಷ್ಟೇ ಪ್ರಾಮಾಣಿಕವಾಗಿರಬೇಕು. ಮೇಳದ ಸಿದ್ಧತೆಗೆ ವಿಜ್ಞಾನಿಗಳೂ ಸಿಬ್ಬಂದಿಯೂ ವಾರಗಟ್ಟಲೆ ದುಡಿಯುತ್ತಾರೆ. ಅವರ ಸಂಬಳ ಹೇಗೂ ಸಲ್ಲುತ್ತದೆಂದು ಅದನ್ನು ಬಿಡುವುದು ವಾಡಿಕೆ. ಅಷ್ಟು ದಿನ ನಿಂತ ಸಂಶೋಧನೆ, ಪೊಲೀಸ್ ಬಂದೋಬಸ್ತು, ಸಂಚಾರ ದಟ್ಟಣೆ, ಕಸದ ವಿಲೇವಾರಿ ಯಾರದೋ ಒಬ್ಬರ ಲೆಕ್ಕದಲ್ಲಿ ಇದ್ದೇ ಇರುತ್ತವೆ.

ಮಳಿಗೆದಾರರ ಸಂಘಗಳೂ ವಾಣಿಜ್ಯ ಸಂಸ್ಥೆಗಳೂ ಸಂಘಟಕರೊಡನೆ ಮಾತುಕತೆಗೆ ಕೂರುವಾಗ ಕೇಳಬೇಕಾದದ್ದು ಬಾಡಿಗೆಯ ರಿಯಾಯಿತಿಯೊಂದನ್ನೇ ಅಲ್ಲ. ದ್ವಾರದ ಎಣಿಕೆಯ ಕ್ರಮ, ಮರುಭೇಟಿಯ ಸರಾಸರಿ, ಜಿಲ್ಲಾವಾರು ಬಂದವರ ವಿವರ ಇವನ್ನು ಬಾಡಿಗೆ ಪಟ್ಟಿಯೊಡನೆ ಲಗತ್ತಿಸುವಂತೆ ಕೇಳಬಹುದು. ಸದಸ್ಯರು ತಮ್ಮ ವಹಿಗಳಿಂದ ನಾಲ್ಕೇ ಅಂಕಿಗಳನ್ನು, ಅಂದರೆ ವಿಚಾರಿಸಿದವರು, ಮೇಳದಲ್ಲಿ ಕೊಂಡವರು, ಆರು ತಿಂಗಳಲ್ಲಿ ಕೊಂಡವರು, ಮೇಳವಿಲ್ಲದಿದ್ದರೂ ಕೊಳ್ಳುತ್ತಿದ್ದವರು ಎಂಬುದನ್ನು, ಹೆಸರಿಲ್ಲದೆ ಒಂದೆಡೆ ಕೂಡಿಸಿದರೆ ಯಾವ ಬಗೆಯ ಸರಕಿಗೆ ಯಾವ ಮೇಳ ಹೊಂದುತ್ತದೆಂಬುದು ಎರಡು ಮೂರು ಹಂಗಾಮುಗಳಲ್ಲಿ ಹೊರಬೀಳುತ್ತದೆ. ಬೆಂಗಳೂರಿನ ಮೇಳಕ್ಕೆ ಸಂಬಂಧಿಸಿದಂತೆ ಮೊದಲ ದೂರವಾಣಿ ವಿಚಾರಣೆಗೆ ಸುಗ್ಗಿ ಕಳೆದು ರೈತನ ಕೈಯಲ್ಲಿ ಹಣವೂ ಬಿಡುವೂ ಇರುವ ಫೆಬ್ರುವರಿ ಅನುಕೂಲ. ಎರಡನೆಯದಕ್ಕೆ ಮುಂಗಾರು ಬಿತ್ತನೆ ಮುಗಿಯುವ ಆಗಸ್ಟ್.